ಟೌನ್‌ಹಾಲ್‌ನಿಂದ ಮೆಡಿಕಲ್ ಶಾಪ್‌ವರೆಗೆ: ಕೇರಳದ ಎರಡು ಊರು, ಒಂದು ಮಾತ್ರೆ

ಕೆಲಸಕ್ಕೆ ಅಂತ ಕೊಚ್ಚಿಯ ಕಾಕ್ಕನಾಡಿಗೆ ಬಂದ ಮೊದಲ ವರ್ಷದ ಮಾತು. ಒಂದು ಭಾನುವಾರ ನಮಗೆ, ಅಂದ್ರೆ ನನಗೂ ನನ್ನ ಹೆಂಡತಿಗೂ, ಎಮರ್ಜೆನ್ಸಿ ಪಿಲ್ ಬೇಕಾಯ್ತು. ಮೆಡಿಕಲ್ ಶಾಪ್‌ನವರು ಡಾಕ್ಟರ್ ಚೀಟಿ ಕೇಳಿದರು. ಸುಮ್ಮನೆ ವಾಪಸ್ ಬಂದೆ. ಎಂಟೆಕ್ ಓದಿದವನಿಗೆ ಚೀಟಿ ಬೇಕಾಗಿಲ್ಲ ಅನ್ನೋದೇ ಗೊತ್ತಿರಲಿಲ್ಲ! ಯಾರನ್ನಾದರೂ ಕೇಳೋಕೆ ನಾಚಿಕೆ. ಒಂದೂವರೆ ದಿನ ಹಾಗೇ ಕಳೀತು. ಆಮೇಲೆ ಬೇರೆ ಅಂಗಡಿಯಲ್ಲಿ ಸಿಕ್ಕಿತು. ಆ ತಿಂಗಳು ಪೂರ್ತಿ ಇಬ್ಬರಿಗೂ ನಿದ್ದೆ ಇಲ್ಲ.

ತಮಾಷೆ ನೋಡಿ, ಇದಾಗಿದ್ದು ಎಂಥ ಊರಲ್ಲಿ! 1971ರ ಜುಲೈನಲ್ಲಿ ಕಲೆಕ್ಟರ್ ಎಸ್. ಕೃಷ್ಣಕುಮಾರ್ ಎರ್ನಾಕುಲಂ ಟೌನ್‌ಹಾಲ್‌ನಲ್ಲಿ ನಡೆಸಿದ ಕ್ಯಾಂಪ್‌ನಲ್ಲಿ ಒಂದೇ ತಿಂಗಳಿಗೆ 63 ಸಾವಿರಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆ ಆಯ್ತು. ಬಹುತೇಕ ಎಲ್ಲರೂ ಗಂಡಸರು. ಬಂದವರಿಗೆ ಹಣ, ಉಡುಗೊರೆ.

ತಿರುವನಂತಪುರಕ್ಕೆ ಹೋದರೆ ಪೇರೂರ್ಕಡ. ಅಲ್ಲಿ 1969ರಲ್ಲಿ ಜಪಾನಿನ ಒಕಾಮೊಟೊ ಕಂಪನಿ ನೆರವಿನಿಂದ ಹಿಂದೂಸ್ತಾನ್ ಲೇಟೆಕ್ಸ್ 'ನಿರೋಧ್' ತಯಾರಿ ಶುರು ಮಾಡ್ತು. ಅದನ್ನ ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಸೋಪು, ಟೀಪುಡಿ ಮಾರೋ ಕಂಪನಿಗಳ ಜಾಲ. ನಮ್ಮ ಭಾಷೇಲಿ ಹೇಳೋದಾದ್ರೆ, ಇದ್ದ ನೆಟ್‌ವರ್ಕನ್ನೇ ಮರುಬಳಕೆ ಮಾಡಿದ್ದು. ನಮ್ಮವರೂ ಹಿಂದೆ ಬಿದ್ದಿರಲಿಲ್ಲ: ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು.

ಹಾಗಾದ್ರೆ ನಾನ್ಯಾಕೆ ಪೆಚ್ಚಾಗಿ ನಿಂತೆ? ನನಗನ್ನಿಸೋದು ಇಷ್ಟು. ಕ್ಯಾಂಪ್‌ಗೆ ಬೇಕಿದ್ದದ್ದು ತಲೆ ಎಣಿಕೆ. ಜನರನ್ನ ಕರ್ಕೊಂಡು ಬಂದರೆ ಮುಗೀತು. ಈ ಮಾತ್ರೆ ಹಾಗಲ್ಲ. ಇದರ ವಿಷಯ ಮಾತ್ರೆಗಿಂತ ಮೊದಲೇ ಮನೆಗೆ ಬಂದಿರಬೇಕು, ಯಾಕಂದ್ರೆ ಗಡುವು ಇರೋದೇ 72 ಗಂಟೆ.

ಭಾರತದಲ್ಲಿ ಲೆವೊನಾರ್ಜೆಸ್ಟ್ರೆಲ್ ತುರ್ತು ಮಾತ್ರೆ ಬಂದದ್ದು 2002ರ ಹೊತ್ತಿಗೆ. 2005ರಿಂದ ಚೀಟಿ ಇಲ್ಲದೆ ಕೊಳ್ಳಬಹುದು. 2007ರಲ್ಲಿ ಐ-ಪಿಲ್ ಜಾಹೀರಾತು ಟಿವಿಗೆ ಬಂತು. ಹೆಸರು ಮನೆಮಾತಾಯ್ತು, ತಿಳುವಳಿಕೆ ಆಗಲಿಲ್ಲ. ಇದು ಅಂಡಾಣು ಬಿಡುಗಡೆಯನ್ನ ಮುಂದೂಡುತ್ತೆ, ಅದಕ್ಕೇ ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೇದು. ಇದು ಗರ್ಭಪಾತದ ಮಾತ್ರೆ ಅಲ್ಲ. ಗರ್ಭ ನಿಂತಿದ್ದರೆ ಕೆಲಸ ಮಾಡಲ್ಲ. ದಿನನಿತ್ಯದ ಉಪಾಯವೂ ಅಲ್ಲ, ಲೈಂಗಿಕ ರೋಗ ತಡೆಯೋದೂ ಇಲ್ಲ. ಮುಟ್ಟು ಒಂದು ವಾರ ತಡವಾದ್ರೆ ಟೆಸ್ಟ್ ಮಾಡಿಸಿ.

ಭಾಷೆ ಬಾರದ ಊರಲ್ಲಿ, ಅಮ್ಮ-ಅಕ್ಕ ಹತ್ತಿರ ಇಲ್ಲದೆ ಸಂಸಾರ ಹೂಡಿದವರು ನಾವು. ಈ ನಾಲ್ಕು ಸಾಲನ್ನ ರೂಮ್‌ಮೇಟ್‌ಗೆ, ತಂಗಿಗೆ, ಮುಖ್ಯವಾಗಿ ನಮ್ಮ ಹುಡುಗರಿಗೆ ಹೇಳಿ. ಮುಂದಿನ ವಾರ ಸಿಗೋಣ.