ಗಡಿ ದಾಟುವ ಪ್ಲಾಸ್ಟಿಕ್ ಕವರ್

ಪ್ಲಾಸ್ಟಿಕ್ ಕವರ್ ಕಳ್ಳಸಾಗಣೆ ಮಾಡಿದ್ರೆ ಜೈಲು ಅಂದ್ರೆ ನಂಬ್ತೀರಾ? ಸೊಪ್ಪಿನ ಅಂಗಡಿಯಲ್ಲಿ ಕೇಳದೇ ಕೊಡ್ತಾರಲ್ಲ, ಅದೇ ಕವರ್. ಇವತ್ತಿನ ಕಥೆ ಪೂರ್ವ ಆಫ್ರಿಕಾದ್ದು.

2008ರಲ್ಲಿ ರುವಾಂಡಾ ಅನ್ನೋ ಪುಟ್ಟ ದೇಶ ಪಾಲಿಥೀನ್ ಕವರ್‌ಗಳ ತಯಾರಿಕೆ, ಆಮದು, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ರಾಜಧಾನಿ ಕಿಗಾಲಿಯ ವಿಮಾನ ನಿಲ್ದಾಣದಲ್ಲಿ ಇಳಿದವರ ಬ್ಯಾಗಿನಿಂದಲೂ ಕವರ್ ಕಿತ್ತುಕೊಳ್ತಿದ್ರು. ಊರು ಸ್ವಚ್ಛ ಆಯ್ತು, ನಿಜ. ಆದರೆ ನಾನು ಓದಿದ್ದು ಬಿ.ಕಾಂ. ನೋಡಿ, ಲೆಕ್ಕ ಬೇರೆ ಕಡೆ ಓಡುತ್ತೆ: ಪೂರೈಕೆ ನಿಂತು ಬೇಡಿಕೆ ಹಾಗೇ ಉಳಿದರೆ ಬೆಲೆ ಏರಲೇಬೇಕು. ಪಕ್ಕದ ಕಾಂಗೋದಲ್ಲಿ ಕವರ್ ಅಗ್ಗ. ಬಡ ಹೆಂಗಸರು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು, ತೋಳಿಗೆ ಸುತ್ತಿಕೊಂಡು ಗಡಿ ದಾಟಿಸೋಕೆ ಶುರು ಮಾಡಿದ್ರು. ಸಿಕ್ಕಿಬಿದ್ದರೆ ಆಗ ಆರು ತಿಂಗಳವರೆಗೂ ಜೈಲಾಗ್ತಿತ್ತು. ಕವರ್ ತಯಾರಿಸಿದ ಮಾಲೀಕನನ್ನ ಆ ಕಾನೂನು ಮುಟ್ಟೋಕೂ ಆಗಲ್ಲ, ಅವನ ಫ್ಯಾಕ್ಟರಿ ಇರೋದು ಬೇರೆ ದೇಶದಲ್ಲಿ. (ನಮ್ಮ ಕರ್ನಾಟಕ 2016ರಲ್ಲಿ ಕವರ್ ನಿಷೇಧಿಸಿದಾಗ ರಾಜ್ಯದ ಗಡಿಯಲ್ಲಿ ಕಸ್ಟಮ್ಸ್ ಗೇಟೂ ಇರಲಿಲ್ಲ.)

ಹಾಗಾದ್ರೆ ನೆರೆಯವರೆಲ್ಲ ಸೇರಿ ಒಂದೇ ಕಾನೂನು ಮಾಡಬಹುದಿತ್ತಲ್ಲ? ಪ್ರಯತ್ನ ನಡೀತು. ರುವಾಂಡಾ, ಕೀನ್ಯಾ, ಉಗಾಂಡಾ, ಟಾಂಜಾನಿಯಾ, ಬುರುಂಡಿ ಐದೂ ಆಗ ಪೂರ್ವ ಆಫ್ರಿಕಾ ಸಮುದಾಯ ಅನ್ನೋ ಒಕ್ಕೂಟದಲ್ಲಿದ್ದವು. ಅರುಷಾದಲ್ಲಿರೋ ಅದರ ಶಾಸನಸಭೆಗೆ ಪಾಲಿಥೀನ್ ನಿಯಂತ್ರಣ ಮಸೂದೆಯೂ ಬಂತು. ಆದರೆ ಅಡ್ಡಗಾಲಾಗಿದ್ದು ಉದ್ಯಮ. ಈ ಭಾಗಕ್ಕೆಲ್ಲ ಕವರ್ ರಫ್ತು ಮಾಡ್ತಿದ್ದಿದ್ದೇ ಕೀನ್ಯಾ. ತನ್ನ ಗಿರಾಕಿಗಳ ಊರಲ್ಲೆಲ್ಲ ತನ್ನ ಮಾಲು ನಿಷೇಧ ಆಗಲಿ ಅಂತ ಯಾವ ವ್ಯಾಪಾರಿ ಹೇಳ್ತಾನೆ?

ಕೀನ್ಯಾದೊಳಗೂ ಕಷ್ಟ ಕಡಿಮೆ ಇರಲಿಲ್ಲ. ನೈರೋಬಿಯ ಚರಂಡಿಗಳು ಕವರ್‌ನಿಂದ ಕಟ್ಟಿಕೊಳ್ತಿದ್ವು, ಕಸಾಯಿಖಾನೆಗಳಲ್ಲಿ ದನಗಳ ಹೊಟ್ಟೆಯಿಂದ ಕವರ್ ಹೊರಗೆ ಬರ್ತಿತ್ತು. ಬಿಸಾಡಿದ ಕವರ್‌ನಲ್ಲಿ ನಿಂತ ನೀರು ಮಲೇರಿಯಾ ಸೊಳ್ಳೆಗೆ ತೊಟ್ಟಿಲು ಅಂತ ನೊಬೆಲ್ ಪುರಸ್ಕೃತೆ ವಂಗಾರಿ ಮಾಥಾಯ್ ಎಚ್ಚರಿಸಿದ್ದರು. 2007ರಲ್ಲೂ 2011ರಲ್ಲೂ ತೆಳು ಕವರ್ ನಿಷೇಧದ ಪ್ರಯತ್ನ ನಡೆದು ಬಿದ್ದುಹೋಯ್ತು. ಕೊನೆಗೆ 2017ರ ಆಗಸ್ಟ್ 28ಕ್ಕೆ ನಿಷೇಧ ಜಾರಿಗೆ ಬಂತು: ನಾಲ್ಕು ವರ್ಷದವರೆಗೆ ಜೈಲು ಅಥವಾ 40 ಲಕ್ಷ ಶಿಲ್ಲಿಂಗ್‌ವರೆಗೆ ದಂಡ. 60 ಸಾವಿರ ಕೆಲಸ ಹೋಗುತ್ತೆ ಅಂತ ತಯಾರಕರ ಸಂಘ ಹೇಳಿತು. ಉತ್ಪ್ರೇಕ್ಷೆ ಅಂತಲೇ ಇಟ್ಟುಕೊಳ್ಳಿ, ಅದರ ಕಾಲು ಭಾಗ ಹೋದರೂ ಅಷ್ಟು ಮನೆಗಳ ಒಲೆ ಉರಿಯೋದು ಹೇಗೆ?

ಆಮೇಲೆ ಆಗಿದ್ದು ರುವಾಂಡಾದ ಕಥೆಯೇ. ರಫ್ತು ಮಾಡ್ತಿದ್ದ ದೇಶಕ್ಕೇ ಕವರ್ ಕದ್ದು ಬರೋಕೆ ಶುರುವಾಯ್ತು, ಉಗಾಂಡಾ, ಟಾಂಜಾನಿಯಾ ಕಡೆಯಿಂದ. ಟಾಂಜಾನಿಯಾ 2019ರ ಜೂನ್ 1ರಿಂದ ತಾನೂ ನಿಷೇಧಿಸಿತು. ಉಗಾಂಡಾ ಮಾತ್ರ ವಿಚಿತ್ರ. ಅದು 30 ಮೈಕ್ರಾನ್‌ಗಿಂತ ತೆಳುವಾದ ಕವರ್‌ಗೆ ನಿಷೇಧ ಘೋಷಿಸಿದ್ದು 2007ರಲ್ಲೇ, ರುವಾಂಡಾಗಿಂತ ಮೊದಲು. ಜಾರಿ ಆಗಲಿಲ್ಲ, ಫ್ಯಾಕ್ಟರಿಗಳು ಓಡ್ತಾನೇ ಇದ್ವು. ಆ ದೇಶಕ್ಕೆ ಪೂರ್ವಕ್ಕೆ ಕೀನ್ಯಾ, ನೈಋತ್ಯಕ್ಕೆ ರುವಾಂಡಾ. ಎರಡೂ ಗಡಿಯಲ್ಲಿ ಪೊಲೀಸರು ಇವತ್ತಿಗೂ ಮೂಟೆ ಬಿಚ್ಚಿ ನೋಡ್ತಾರೆ.