ವೀಸಾಕ್ಕೂ ಮೊದಲು ಬಂದವರು

ದೋಹಾದ ನಮ್ಮ ಕೊಡಗಿನವರ ಕೂಟದ ಚರಿತ್ರೆ ಬರೆದುಕೊಡಿ ಎಂದು ಸಂಚಿಕೆ ಸಮಿತಿಯವರು ಬೆನ್ನು ಹತ್ತಿದ್ದಾರೆ. ಎಣ್ಣೆ ಕಂಪನಿಯ ಕರಾರುಪತ್ರದಿಂದಲೇ ಚರಿತ್ರೆ ಶುರು ಮಾಡಿದರೆ ಹಿರಿಯರಿಗೆ ಅನ್ಯಾಯವಾದೀತು. ಅದಕ್ಕೂ ಬಹಳ ಮೊದಲು ಸಮವಸ್ತ್ರ ತೊಟ್ಟು ಈ ಸೀಮೆಗೆ ಬಂದವರು ಕೊಡಂದೇರ ಮಾದಪ್ಪ ಕಾರ್ಯಪ್ಪ.

ಶನಿವಾರಸಂತೆಯಲ್ಲಿ ಹುಟ್ಟಿ, ಮನೆಯವರಿಗೆ 'ಚಿಮ್ಮ'ನಾಗಿದ್ದ ಹುಡುಗ ಇಂದೋರಿನ ಡ್ಯಾಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದರು. ಮರುವರ್ಷವೇ ಮೆಸೊಪೊಟೇಮಿಯಾ, ಅಂದರೆ ಈಗಿನ ಇರಾಕ್. 1937ರಲ್ಲಿ ಸಿಕಂದರಾಬಾದಿನಲ್ಲಿ ಅರಣ್ಯಾಧಿಕಾರಿಯೊಬ್ಬರ ಮಗಳು ಮುತ್ತು ಮಾಚಯ್ಯ ಅವರ ಕೈಹಿಡಿದರು. ಮುಂದಿನ ಜನವರಿಯಲ್ಲಿ ಮಡಿಕೇರಿಯಲ್ಲಿ ಮಗ ನಂದ ಹುಟ್ಟಿದ. ಅವನಿಗೆ ಮೂರು ತುಂಬಿದ ವರ್ಷ ಅಪ್ಪ ಮತ್ತೆ ಇರಾಕಿಗೆ, ಹತ್ತನೇ ಭಾರತೀಯ ಡಿವಿಷನ್ನಿನ ಜೊತೆ. ಅಲ್ಲಿಂದ ಸಿರಿಯಾ, ಇರಾನ್. ಗುಂಡು ಹಾರಿಸುವ ಕೆಲಸಕ್ಕಿಂತ ದಂಡಿಗೆ ಊಟ, ವಸತಿ, ಸಾಗಾಟ ಹೊಂದಿಸುವ ಕೆಲಸ. ಕಂಪನಿಗಳ ಉಗ್ರಾಣದಲ್ಲಿ ದುಡಿದ ನಮ್ಮವರಿಗೆ ಅದರ ಕಷ್ಟ ಗೊತ್ತು.

ಪದಕಗಳ ಪಟ್ಟಿಯಲ್ಲಿ ಮುತ್ತು ಅವರ ಹೆಸರಿಲ್ಲ. ಗಂಡ ಮರಳುಗಾಡಿನಲ್ಲಿ, ಹೆಂಡತಿ ಮಗುವಿನೊಂದಿಗೆ ಭಾರತದಲ್ಲಿ: ನಮ್ಮ ಕೂಟದ ಎಷ್ಟು ಮನೆಗಳು ಹೀಗೇ ನಡೆದಿಲ್ಲ! 1945ರ ನಂತರ ಆ ದಾಂಪತ್ಯ ಹಿಡಿದ ದಾರಿಯ ಮಾತು ಇಲ್ಲಿ ಬೇಡ.

ಆಗ ಕತಾರಿನಲ್ಲಿ ಏನಿತ್ತು? ದುಖಾನಿನಲ್ಲಿ ಎಣ್ಣೆ ಸಿಕ್ಕಿತ್ತು; ಯುದ್ಧದ ದೆಸೆಯಿಂದ 1942ರಲ್ಲಿ ಬಾವಿಗಳನ್ನೇ ಮುಚ್ಚಿದರು. ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತದ ಸೇನೆಯ ಚುಕ್ಕಾಣಿ ಹಿಡಿದರು. ಅದೇ ವರ್ಷದ ಕೊನೆಯ ದಿನ ಇಲ್ಲಿಂದ ಎಣ್ಣೆಯ ರಫ್ತು ಆರಂಭವಾಯಿತು. 1966ರವರೆಗೂ ಇಲ್ಲಿ ರೂಪಾಯಿಯೇ ಚಲಾವಣೆ.

ಮುಂದಿನ ದಶಕಗಳು ಎಲ್ಲರಿಗೂ ಗೊತ್ತಿರುವಂಥವೇ: ಶಿಬಿರ, ಪಾಳಿ, ಶುಕ್ರವಾರದ ಫೋನು. ನಡುವೆ ಕೆಲವು ವರ್ಷ ಪುತ್ತರಿ ಎರಡು ಕಡೆ ನಡೆಯಿತು. ಈಗ ಒಂದೇ ಪಂಕ್ತಿ, ಅಷ್ಟು ಸಾಕು. ನಾನು ಕಾರ್ಯದರ್ಶಿಯಾಗಿದ್ದಾಗಿನ ಪುತ್ತರಿ ಊಟವನ್ನಂತೂ ಬಂದವರು ಇಂದಿಗೂ ನೆನೆಯುತ್ತಾರೆ. ಪಂದಿಕರಿಯ ಜಾಗದಲ್ಲಿ ಕೋಳಿಸಾರು, ಆದರೆ ಕಡಂಬುಟ್ಟು ಅಪ್ಪಟ. ವೇದಿಕೆಯ ಮೇಲೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಭಾವಚಿತ್ರ ಇಡಿಸಿದ್ದೂ ಆ ವರ್ಷವೇ.

ಇರಾಕ್, ಇರಾನ್ ಕಡೆ ಯುದ್ಧಕ್ಕೆ ಹೋಗಿದ್ದ ಅಜ್ಜಂದಿರ ಪತ್ರ, ಪದಕ, ಮದುವೆಯ ಫೋಟೋ ನಿಮ್ಮ ಐನ್‌ಮನೆಯಲ್ಲಿದ್ದರೆ, ಈ ರಜೆಯಲ್ಲಿ ಅಟ್ಟದಿಂದ ಇಳಿಸಿ ಪ್ರತಿ ಮಾಡಿಸಿ ಸಮಿತಿಗೆ ತಲುಪಿಸಿ. ಅಜ್ಜಿಯ ಹೆಸರನ್ನೂ ಬರೆದು ಕಳಿಸಿ.