ಪೀಣ್ಯದ ಸಣ್ಣ ಉದ್ಯಮಗಳಲ್ಲಿ ತಂತ್ರಜ್ಞಾನ ಬೆಳೆಯುವ ಬಗೆ

ಉದ್ಯಮಗಳ ತಾಂತ್ರಿಕ ಸಾಮರ್ಥ್ಯವನ್ನು ಸಂಶೋಧನಾ ವೆಚ್ಚ ಮತ್ತು ಪೇಟೆಂಟುಗಳಿಂದ ಅಳೆಯುವುದು ರೂಢಿ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಘಟಕಗಳಿಗೆ ಈ ಅಳತೆಗೋಲು ಸಾಲದು. ಅಲ್ಲಿ ತಂತ್ರಜ್ಞಾನ ಬೆಳೆಯುವುದು ಗ್ರಾಹಕರ ನಿರ್ದಿಷ್ಟ ಸಮಸ್ಯೆಯನ್ನು ಬಿಡಿಸುವ ದೈನಂದಿನ ಕೆಲಸದೊಳಗೆ ಎಂಬುದು ಈ ಲೇಖನದ ಪ್ರತಿಪಾದನೆ.

ಇದಕ್ಕೆ ಚಾರಿತ್ರಿಕ ತಳಹದಿಯಿದೆ. 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ (ಎಚ್‌ಎಂಟಿ), ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ತಯಾರಿಕೆಗೆ ತೊಡಗಿತು. 1962ರಲ್ಲಿ ಇಂದಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ), 1972ರಲ್ಲಿ ಡೆನ್ಮಾರ್ಕ್ ನೆರವಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಹುಟ್ಟಿದವು. ಹೀಗೆ ನುರಿತ ಟರ್ನರ್, ಫಿಟ್ಟರ್, ಟೂಲ್‌ಮೇಕರ್‌ಗಳು ನಗರದಲ್ಲಿ ನೆಲೆಗೊಂಡರು. ಒಂದೇ ಕಸುಬಿನವರು ಒಂದೆಡೆ ಸೇರಿದರೆ ನೈಪುಣ್ಯ ನೆರೆಹೊರೆಗೂ ಹಬ್ಬುತ್ತದೆಂದು ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಗುರುತಿಸಿದ್ದರು. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಗ್ರೈಂಡಿಂಗ್ ಹತ್ತಿರದಲ್ಲೇ ಸಿಗುವ ಕಾರಣ ಪೀಣ್ಯದ ಸಣ್ಣ ಘಟಕ ಯಾವುದಾದರೂ ಒಂದು ಕೆಲಸದಲ್ಲಿ ಆಳವಾಗಿ ಪಳಗಬಲ್ಲದು.

ಒಂದು ಉದಾಹರಣೆಯನ್ನು ನೋಡಬಹುದು. ತೆಳು ಗೋಡೆಯ ಉಂಗುರವೊಂದನ್ನು ಮೂರು ದವಡೆಯ ಚಕ್‌ನಲ್ಲಿ ಬಿಗಿದು ಒಳಗನ್ನು ಬೋರ್ ಮಾಡಿದರೆ, ಬಿಗಿದಿರುವಷ್ಟು ಹೊತ್ತು ರಂಧ್ರ ದುಂಡಗಿರುತ್ತದೆ. ಸಡಿಲಿಸಿದೊಡನೆ ಲೋಹ ಮರಳಿ ಹಿಗ್ಗಿ ದುಂಡುತನ ಕೆಡುತ್ತದೆ. ದುಬಾರಿ ಸಿಎನ್‌ಸಿ ಯಂತ್ರ ಕೊಂಡ ಮಾತ್ರಕ್ಕೆ ಈ ದೋಷ ಹೋಗದು. ಸುತ್ತಲಿಂದ ಒತ್ತುವ ಬದಲು ಅಂಚಿನ ಮೇಲಿಂದ ಹಿಡಿಯುವ ಫಿಕ್ಸ್‌ಚರ್ ರೂಪಿಸಬೇಕು, ಒತ್ತಡವನ್ನು ಹದಗೊಳಿಸಬೇಕು, ಕೊನೆಯ ಪದರವನ್ನು ಹಗುರವಾಗಿ ಕೊರೆಯಬೇಕು. ಈ ಅರಿವು ಯಾವ ಪೇಟೆಂಟಿನಲ್ಲೂ ದಾಖಲಾಗುವುದಿಲ್ಲ. ಆದರೂ ಅಗ್ಗದ ದರ ಹೇಳುವ ಪ್ರತಿಸ್ಪರ್ಧಿಯ ಮುಂದೆ ಆರ್ಡರ್ ಉಳಿಸಿಕೊಡುವುದು ಇದೇ.

ಇಂಥ ಘಟಕದ ಬೆಳವಣಿಗೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು: ಗ್ರಾಹಕರ ಡ್ರಾಯಿಂಗ್‌ನಂತೆ ಮಾಡಿಕೊಡುವುದು, ಆ ಡ್ರಾಯಿಂಗ್‌ಗೇ ತಿದ್ದುಪಡಿ ಸೂಚಿಸುವುದು, ಕಡೆಗೆ ಸ್ವಂತ ವಿನ್ಯಾಸದ ಉತ್ಪನ್ನ ತರುವುದು. ಎರಡನೆಯದು ನಿರ್ಣಾಯಕ, ಏಕೆಂದರೆ ಗ್ರಾಹಕರ ಎಂಜಿನಿಯರ್‌ಗಳು ಸಲಹೆ ಕೇಳತೊಡಗಿದಾಗ ಜಾಬ್‌ವರ್ಕ್ ಸಂಬಂಧ ಕಲಿಕೆಯ ಸಂಬಂಧವಾಗುತ್ತದೆ. ಹೊರಗಿನ ಜ್ಞಾನವನ್ನು ಅರಗಿಸಿಕೊಳ್ಳಲು ಒಳಗೆ ಪೂರ್ವಜ್ಞಾನ ಇರಬೇಕೆಂದು ಸಂಶೋಧಕರಾದ ಕೊಹೆನ್ ಮತ್ತು ಲೆವಿಂಥಾಲ್ 1990ರಲ್ಲಿ ಮಂಡಿಸಿದ ವಾದ ಇಲ್ಲಿಗೆ ಒಪ್ಪುತ್ತದೆ.

ಇಂಥ ಕಲಿಕೆಗೆ ಬಿಡುವೂ ಬೇಕು, ದುಡಿಯುವ ಬಂಡವಾಳವೂ ಬೇಕು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆ ಕಿರು ಮತ್ತು ಸಣ್ಣ ಪೂರೈಕೆದಾರರಿಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಸಬೇಕೆನ್ನುತ್ತದೆ. ಬಾಕಿ ತಡವಾದರೆ ಮೊದಲು ನಿಲ್ಲುವುದು ಹೊಸ ಫಿಕ್ಸ್‌ಚರ್‌ನ ಪ್ರಯೋಗ. ಆದ್ದರಿಂದ ಸಕಾಲಿಕ ಪಾವತಿಯನ್ನೂ ನುರಿತ ಕೆಲಸಗಾರರನ್ನು ಉಳಿಸಿಕೊಳ್ಳುವ ನೆರವನ್ನೂ ತಂತ್ರಜ್ಞಾನ ನೀತಿಯ ಭಾಗವೆಂದೇ ಪರಿಗಣಿಸಬೇಕು. ಯಂತ್ರ ಖರೀದಿಗೆ ಕೊಡುವ ಸಹಾಯಧನ ಫಲ ಕೊಡುವುದು ಆ ಯಂತ್ರವನ್ನು ಪಳಗಿಸಬಲ್ಲ ಜನ ಇದ್ದಲ್ಲಿ ಮಾತ್ರ.